ಕೊನೆಯ ಹೆಜ್ಜೆಯಿಂದ ಕಲಿಸೋಣ

‘ಅವನ ಕೈಲಿ ಆಗಲ್ಲ ಬಿಡಿ, ನಾವೇ ಮಾಡಿಬಿಡ್ತೀವಿ’– ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ಮನೆಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಪ್ರೀತಿಯಿಂದ, ಬೆಳಗಿನ ಗಡಿಬಿಡಿಯಿಂದ ಹುಟ್ಟುವ ಮಾತು ಇದು. ಆದರೆ ಮಗ ಇಪ್ಪತ್ತೈದು ದಾಟುವ ಹೊತ್ತಿಗೆ ಅವನನ್ನು ಕೂರಿಸಿ ಬಟ್ಟೆ ಹಾಕುವ ಶಕ್ತಿ ಅಮ್ಮನ ತೋಳಲ್ಲಿ ಉಳಿದಿರುವುದಿಲ್ಲ. ಆಮೇಲೆ ಯಾರು?

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರು ಸುಮಾರು 15 ಲಕ್ಷ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆದರೆ ಕೊಪ್ಪ ತಾಲ್ಲೂಕಿನ ನಮ್ಮ ನಾರ್ವೆಯಂಥ ಊರುಗಳಲ್ಲಿ ತೋಟದ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಜಡಿಮಳೆಯಲ್ಲಿ ಇಂಥ ಮಗುವನ್ನು ಕರೆದುಕೊಂಡು ರಸ್ತೆಯವರೆಗೆ ಬರುವುದೇ ಕಷ್ಟ. ಹಾಗಾಗಿ ಸ್ನಾನ, ಬಟ್ಟೆ, ಊಟದಂಥ ದಿನನಿತ್ಯದ ಪಾಠಗಳಿಗೆ ಮನೆಯೇ ಶಾಲೆ, ಮನೆಯವರೇ ಮೇಷ್ಟರು.

ನನ್ನ ದೊಡ್ಡಮ್ಮನ ಮಗನಿಗೆ ಡೌನ್ ಸಿಂಡ್ರೋಮ್. ಈಗ ಹದಿನಾಲ್ಕು ವರ್ಷ. ಚಡ್ಡಿ ಹಾಕಿಕೋ ಎಂದರೆ ಒಂದು ಕಾಲು ತೂರಿಸುತ್ತಿದ್ದ, ಇನ್ನೊಂದು ಸಿಕ್ಕಿಕೊಂಡ ಕೂಡಲೇ ಚಡ್ಡಿ ಎಸೆದು ಮೂಲೆ ಸೇರುತ್ತಿದ್ದ. ಎಲ್ಲರೂ ಅದನ್ನು ಹಟ ಎಂದೇ ತಿಳಿದಿದ್ದರು. ಗೃಹಾಧಾರಿತ ಶಿಕ್ಷಣಕ್ಕಾಗಿ ಮನೆಗೆ ಬರುತ್ತಿದ್ದ ಶಿಕ್ಷಕಿ ಆ ಕೆಲಸವನ್ನು ಆರು ಹೆಜ್ಜೆಗಳಾಗಿ ಬಿಡಿಸಿದರು: ಕೂರುವುದು, ಬಲಗಾಲು ತೂರಿಸುವುದು, ಎಡಗಾಲು ತೂರಿಸುವುದು, ಮಂಡಿವರೆಗೆ ಎಳೆಯುವುದು, ಎದ್ದು ನಿಲ್ಲುವುದು, ಸೊಂಟಕ್ಕೆ ಏರಿಸುವುದು. ಮೊದಲ ಐದಕ್ಕೆ ದೊಡ್ಡಮ್ಮನ ನೆರವು, ಕೊನೆಯದು ಪೂರ್ತಿ ಅವನದು. ಚಡ್ಡಿ ಏರಿಸಿದ, ಕೆಲಸ ಮುಗಿಯಿತು, ‘ಭೇಷ್’ ಸಿಕ್ಕಿತು. ಅದು ಸಲೀಸಾದ ಮೇಲೆ ಕೊನೆಯ ಎರಡು ಹೆಜ್ಜೆ, ಆಮೇಲೆ ಮೂರು. ನಾಲ್ಕು ತಿಂಗಳು ಹಿಡಿಯಿತು. ಹಿಂದುಮುಂದು ಗೊತ್ತಾಗಲೆಂದು ದೊಡ್ಡಮ್ಮ ಮುಂಭಾಗದಲ್ಲಿ ಕೆಂಪು ದಾರದ ಹೊಲಿಗೆ ಹಾಕಿದ್ದಾರೆ.

ವಿಶೇಷ ಶಿಕ್ಷಣದಲ್ಲಿ ಇದಕ್ಕೆ ‘ಬ್ಯಾಕ್‌ವರ್ಡ್ ಚೈನಿಂಗ್’ ಎನ್ನುತ್ತಾರೆ. ಮೊದಲಿನಿಂದ ಕಲಿಸಿದರೆ ಗೆದ್ದ ಖುಷಿಗೆ ಮುನ್ನ ಐದು ಅಡೆತಡೆ. ಬೇಗ ಕೈಚೆಲ್ಲುವ ಮಗು ಅಲ್ಲಿಯವರೆಗೆ ಬರುವುದೇ ಇಲ್ಲ. ಕೊನೆಯಿಂದ ಕಲಿಸಿದರೆ ಪ್ರತಿ ಸಲವೂ ಕೆಲಸ ಮುಗಿಸಿದ್ದು ತಾನೇ ಎಂಬ ಖುಷಿ ಅದರದ್ದು. ನಮ್ಮ ಅಡುಗೆಮನೆಗೆ ಇದೇನೂ ಹೊಸತಲ್ಲ. ದೋಸೆ ಕಲಿಸುವ ಅಮ್ಮ ಅಕ್ಕಿ ನೆನೆಹಾಕುವುದರಿಂದ ಶುರು ಮಾಡುವುದಿಲ್ಲ. ಕಾವಲಿಯ ಮೇಲೆ ಬೆಂದ ದೋಸೆ ಎಬ್ಬಿಸಲು ಮೊದಲು ಸಟ್ಟುಗ ಕೊಡುತ್ತಾಳೆ.

ನಾನು ಬಿಇ ವಿದ್ಯಾರ್ಥಿ. ಲ್ಯಾಬಿನಲ್ಲಿ ಪ್ರೋಗ್ರಾಂ ಓಡದಿದ್ದರೆ ಎಷ್ಟನೇ ಸಾಲಿನಲ್ಲಿ ನಿಂತಿತು ಎಂದು ನೋಡುತ್ತೇವೆ. ಮಗು ನಿಲ್ಲಿಸಿದಾಗಲೂ ಯಾವ ಹೆಜ್ಜೆಯಲ್ಲಿ ನಿಲ್ಲಿಸಿತು ಎಂದು ನೋಡಬೇಕು. ಆ ಹೆಜ್ಜೆ ದೊಡ್ಡದಾಗಿದ್ದರೆ ಎರಡು ಮಾಡಬೇಕು. ಕೈ ಹಿಡಿದು ಮಾಡಿಸಿದ್ದನ್ನು ಮೊಣಕೈ ಮುಟ್ಟುವಷ್ಟಕ್ಕೆ, ಮುಂದೆ ಬರೀ ಸನ್ನೆಗೆ ಇಳಿಸುತ್ತಾ ಹೋಗಬೇಕು. ಎಲ್ಲ ಕೆಲಸಕ್ಕೂ ಇದೊಂದೇ ದಾರಿಯಲ್ಲ. ಮೊದಲ ಹೆಜ್ಜೆಗಳು ಆಗಲೇ ಬರುವ ಮಗುವಿಗೆ ಅಲ್ಲಿಂದಲೇ ಮುಂದುವರಿಸಬಹುದು.

‘ಇಷ್ಟಕ್ಕೆಲ್ಲ ಸಮಯವೆಲ್ಲಿ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಡಿಕೆ ಕೊಯ್ಲಿನ ದಿನಗಳಲ್ಲಿ ಮನೆಯವರಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಅದಕ್ಕೇ ಒಂದು ಸಲಕ್ಕೆ ಒಂದೇ ಕೆಲಸ ಆರಿಸಿಕೊಳ್ಳಬೇಕು. ಬೆಳಗಿನ ಅವಸರ ಬಿಟ್ಟು ಸಂಜೆಯ ಸ್ನಾನದ ಹೊತ್ತಿಗೆ ಹತ್ತು ನಿಮಿಷ ಕೊಟ್ಟರೆ ಸಾಕು.

ಗ್ರಾಮ ಪಂಚಾಯಿತಿಗಳ ಪುನರ್ವಸತಿ ಕಾರ್ಯಕರ್ತರು ಯುಡಿಐಡಿ ಕಾರ್ಡ್, ಮಾಸಾಶನದ ಅರ್ಜಿಗಳ ಜೊತೆಗೆ ಪ್ರತಿ ಮನೆಗೂ ಇಂಥ ಒಂದು ಕೌಶಲವನ್ನು ಹೇಳಿಕೊಟ್ಟು, ಮುಂದಿನ ಭೇಟಿಯಲ್ಲಿ ಎಷ್ಟು ಹೆಜ್ಜೆ ಬಂತು ಎಂದು ವಿಚಾರಿಸುವಂತಾಗಬೇಕು. ಅದಕ್ಕೆ ಬೇಕಾದ ತರಬೇತಿಯನ್ನು ಇಲಾಖೆ ಅವರಿಗೆ ಕೊಡಬೇಕು. ರಜೆಗೆ ಊರಿಗೆ ಬರುವ ನಾವೂ ಸುಮ್ಮನಿರಬೇಕಿಲ್ಲ. ನೆಂಟರಲ್ಲೋ ನೆರೆಯಲ್ಲೋ ಅಂಥ ಮಗು ಇದ್ದರೆ, ಒಂದು ಕೆಲಸವನ್ನು ಬಿಡಿಸಿ ಹಾಳೆಯಲ್ಲಿ ಬರೆದು ಬಚ್ಚಲಿನ ಬಾಗಿಲಿಗೆ ಅಂಟಿಸಿಕೊಡಬಹುದು. ಕೊನೆಯ ಹೆಜ್ಜೆಯನ್ನು ಮಾತ್ರ ಮಗುವಿಗೇ ಬಿಡೋಣ.