ಧರ್ಮಪೀಠದಿಂದ ಮಂತ್ರಿಪದಕ್ಕೆ

ಧರ್ಮವನ್ನು ಬೋಧಿಸುವವರು ರಾಜ್ಯಭಾರದಲ್ಲಿ ಕೈಯಿಡಬಹುದೇ ಎಂಬ ಪ್ರಶ್ನೆಯು ಬಹು ಹಳೆಯದು. ಇಡಕೂಡದೆಂದು ಕೆಲವರೂ, ಅವರಿಲ್ಲದೆ ರಾಜಕಾರಣವು ಶುದ್ಧವಾಗದೆಂದು ಕೆಲವರೂ ವಾದಿಸುತ್ತ ಬಂದಿರುವರು. ನಮ್ಮ ಮತದಲ್ಲಿ ಪ್ರಶ್ನೆಯನ್ನು ಬೇರೆ ರೀತಿಯಾಗಿ ಕೇಳತಕ್ಕದ್ದು. ಅಧಿಕಾರವಿಲ್ಲದಾಗ ತನ್ನವರಿಗಾಗಿ ಬೇಡಿದ ಸ್ವಾತಂತ್ರ್ಯವನ್ನು, ಅಧಿಕಾರವು ಕೈಸೇರಿದ ಮೇಲೆ ಆ ಪುರುಷನು ಇತರರಿಗೂ ಕೊಟ್ಟನೇ? ಹಾಲೆಂಡ್ ದೇಶದ ಅಬ್ರಹಾಂ ಕೈಪರನ ಚರಿತ್ರೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತವೆಂದು ನಾವು ತಿಳಿಯುತ್ತೇವೆ.

ಕೈಪರನು 1837ರಲ್ಲಿ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದನು. ಲೈಡನ್ ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ದೈವಶಾಸ್ತ್ರವನ್ನು ಓದಿ 1862ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು. ಮರುವರ್ಷ ಬೇಸ್ಡ್ ಎಂಬ ಹಳ್ಳಿಯ ಸಭೆಗೆ ಬೋಧಕನಾಗಿ ಹೋದಾಗ ಅವನ ತಲೆಯಲ್ಲಿ ವಿಶ್ವವಿದ್ಯಾಲಯದ ಹೊಸ ವಿಚಾರಗಳು ತುಂಬಿದ್ದವು. ಹಳ್ಳಿಯ ಬಡಜನರಾದರೋ ಕಾಲ್ವಿನನ ಹಳೆಯ ಮತವನ್ನು ಬಿಗಿಯಾಗಿ ಹಿಡಿದವರು. ಪೀಟ್ಯೆ ಬಾಲ್ಟಸ್ ಎಂಬ ಗಿರಣಿಯವನ ಮಗಳು ಈ ಹೊಸ ಬೋಧಕನನ್ನು ಮುಖಾಮುಖಿಯಾಗಿಯೇ ವಿರೋಧಿಸಿದಳು. ಪಂಡಿತನು ಕೋಪಿಸಿಕೊಳ್ಳಲಿಲ್ಲ, ಕುಳಿತು ಕೇಳಿದನು, ಕೇಳಿ ಬದಲಾದನು. ಅಕ್ಷರದ ಬಲವಿಲ್ಲದವರಲ್ಲಿಯೂ ವಿಚಾರದ ಬಲವಿರುವುದೆಂಬ ಈ ಪಾಠವೇ ಅವನ ಸಾರ್ವಜನಿಕ ಜೀವನಕ್ಕೆ ತಳಹದಿಯಾಯಿತು.

ಮುಂದೆ ಅವನು ಕೈಕೊಂಡ ಕಾರ್ಯಗಳನ್ನು ನೋಡಿದರೆ ಒಬ್ಬ ಮನುಷ್ಯನು ಇಷ್ಟನ್ನು ಮಾಡಬಲ್ಲನೇ ಎಂದು ಅಚ್ಚರಿಯಾಗುವುದು. 1872ರಲ್ಲಿ ‘ಸ್ಟಾಂಡಾರ್ಡ್’ ಎಂಬ ದಿನಪತ್ರಿಕೆಯನ್ನು ಸ್ಥಾಪಿಸಿ ಹೆಚ್ಚುಕಡಿಮೆ ಅರ್ಧ ಶತಮಾನ ಅದರ ಲೇಖಣಿಯನ್ನು ಹಿಡಿದನು. 1874ರಲ್ಲಿ ಪ್ರತಿನಿಧಿ ಸಭೆಗೆ ಆಯ್ಕೆಯಾದನು. ಬೋಧಕನು ಆ ಪದವಿಯಲ್ಲಿದ್ದುಕೊಂಡೇ ಸಭಾಸದನಾಗುವುದಕ್ಕೆ ಆಸ್ಪದವಿಲ್ಲದ್ದರಿಂದ ಧರ್ಮಪೀಠವನ್ನು ಬಿಟ್ಟಿಳಿದನು. 1879ರಲ್ಲಿ ತನ್ನ ಪಕ್ಷವನ್ನು ಕಟ್ಟಿದನು. 1880ರಲ್ಲಿ ಆಮ್‌ಸ್ಟರ್‌ಡಾಂ ನಗರದಲ್ಲಿ ಸರಕಾರದ ಹಂಗಾಗಲಿ ಚರ್ಚಿನ ಹಂಗಾಗಲಿ ಇಲ್ಲದ ಸ್ವತಂತ್ರ ವಿಶ್ವವಿದ್ಯಾಲಯವೊಂದನ್ನು ತೆರೆದನು.

ಇಷ್ಟೆಲ್ಲದರ ಹಿಂದೆ ಇದ್ದುದು ಶಾಲೆಯ ಪ್ರಶ್ನೆ. ಶಿಕ್ಷಕರಾದ ನಮ್ಮ ವಾಚಕರು ಇದನ್ನು ವಿಶೇಷವಾಗಿ ಗಮನಿಸಬೇಕು. 1878ರಲ್ಲಿ ಅಲ್ಲಿಯ ಉದಾರಪಕ್ಷದ ಮಂತ್ರಿಮಂಡಲವು ಒಂದು ಕಾಯದೆಯನ್ನು ತಂದಿತು. ಶಾಲೆಗಳೆಲ್ಲ ಉತ್ತಮ ಸ್ಥಿತಿಗೆ ಬರಬೇಕೆಂಬುದು ಅದರ ಉದ್ದೇಶ. ಉದ್ದೇಶವು ಒಳ್ಳೆಯದೇ ಸರಿ. ಆದರೆ ಸರಕಾರಿ ಶಾಲೆಗಳ ವೆಚ್ಚಕ್ಕೆ ಬೊಕ್ಕಸದ ನೆರವುಂಟು, ಜನರು ತಮ್ಮ ನಂಬಿಕೆಗೆ ಅನುಸಾರವಾಗಿ ನಡೆಯಿಸುವ ಶಾಲೆಗಳಿಗೆ ಅದಿಲ್ಲ. ಬಡವನು ತೆರಿಗೆಯನ್ನೂ ತೆತ್ತು, ತನ್ನ ಮಕ್ಕಳ ಶಾಲೆಯ ಖರ್ಚನ್ನೂ ಬೇರೆಯಾಗಿ ಹೊರಬೇಕಾಯಿತು. ಆಗ ಕೈಪರನೂ ಅವನ ಸಂಗಡಿಗರೂ ಅರಸನಿಗೆ ಸಲ್ಲಿಸಿದ ಬಿನ್ನಹಪತ್ರಕ್ಕೆ ಮೂರು ಲಕ್ಷಕ್ಕೂ ಮಿಕ್ಕಿ ಸಹಿಗಳು ಬಿದ್ದವು. ಇಡೀ ದೇಶದ ಮತದಾರರ ಸಂಖ್ಯೆಯೇ ಅಷ್ಟಿರಲಿಲ್ಲ! ಅರಸನು ಕಾಯದೆಗೆ ಒಪ್ಪಿಗೆಯಿತ್ತನು. ಆದರೆ ಮತವಿಲ್ಲದ ಜನಕ್ಕೆ ತಾವು ಎಷ್ಟು ಮಂದಿಯೆಂಬುದು ಗೊತ್ತಾಯಿತು.

ಕೈಪರನ ಸಿದ್ಧಾಂತವು ಸರಳವಾದುದು. ಕುಟುಂಬ, ಶಾಲೆ, ಧರ್ಮಸಭೆ, ಕಸಬು, ಇವೆಲ್ಲವೂ ತಂತಮ್ಮ ಕ್ಷೇತ್ರದಲ್ಲಿ ಸ್ವಾಧಿಕಾರವುಳ್ಳವು. ಆ ಅಧಿಕಾರವು ದೇವರಿಂದ ಬಂದುದೇ ಹೊರತು ಸರಕಾರದ ದಾನವಲ್ಲ. ಸರಕಾರವು ನ್ಯಾಯವನ್ನು ಕಾಯಬೇಕು, ಮನಸ್ಸಾಕ್ಷಿಯನ್ನು ಆಳಬಾರದು. ತಾನು ಕಟ್ಟಾ ಕಾಲ್ವಿನ್ ಮತಸ್ಥನಾಗಿಯೂ ಅವನ ಪಕ್ಷವು ತಲೆತಲಾಂತರದ ವೈರವನ್ನು ಬದಿಗಿರಿಸಿ ಕ್ಯಾಥೋಲಿಕರೊಡನೆ ಕೂಡಿಕೊಂಡಿತು. ಈ ಕೂಟದ ಬಲದಿಂದಲೇ 1901ರಲ್ಲಿ ಅವನು ಪ್ರಧಾನಮಂತ್ರಿಯಾದನು.

ಪರೀಕ್ಷೆಯ ಕಾಲವು ಈಗ ಬಂದಿತು. 1903ರ ಜನವರಿಯಲ್ಲಿ ರೈಲ್ವೆ ಕೆಲಸಗಾರರು ಮುಷ್ಕರ ಹೂಡಿ ಗೆದ್ದರು. ಕೈಪರನು ರೈಲ್ವೆಯವರೂ ಸರಕಾರಿ ನೌಕರರೂ ಮುಷ್ಕರ ಮಾಡುವುದನ್ನು ಅಪರಾಧವೆಂದು ಸಾರುವ ಮಸೂದೆಗಳನ್ನು ತಂದನು. ಏಪ್ರಿಲ್ ತಿಂಗಳಿನಲ್ಲಿ ಕಾಯದೆಯಾಯಿತು, ಪ್ರತಿಭಟನೆಯು ಮುರಿಯಿತು, ಅನೇಕರ ಹೊಟ್ಟೆಪಾಡು ಹೋಯಿತು. ಅದನ್ನು ಕತ್ತು ಹಿಸುಕುವ ಕಾಯದೆಯೆಂದು ಕೆಲಸಗಾರರು ಕರೆದರು. ರೈಲುಗಳು ನಿಂತರೆ ದೇಶವೇ ನಿಲ್ಲುವುದೆಂಬ ಅವನ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಕೆಲಸಗಾರರ ಸ್ಥಿತಿಗತಿಗಳ ವಿಚಾರಣೆಗೂ ಅವನು ಏರ್ಪಾಡು ಮಾಡಿದನು. ಆದರೆ 1891ರ ಕ್ರೈಸ್ತ ಸಾಮಾಜಿಕ ಪರಿಷತ್ತಿನಲ್ಲಿ ಬಡ ಕೆಲಸಗಾರನ ಪಕ್ಷವನ್ನು ಹಿಡಿದು ಮಾತಾಡಿದವನು ಇವನೇ ಅಲ್ಲವೇ? ಕಸಬಿಗೂ ಸ್ವಾಧಿಕಾರವುಂಟೆಂದ ಸಿದ್ಧಾಂತವು ಮುಷ್ಕರದ ಬಾಗಿಲಲ್ಲಿ ಏಕೆ ನಿಂತುಹೋಯಿತು?

ಇನ್ನು ಸಮುದ್ರದಾಚೆಯ ಮಾತು. ಜಾವಾ, ಸುಮಾತ್ರಾ ಮೊದಲಾದ ದ್ವೀಪಗಳನ್ನು ಸುಲಿಯುವುದು ಪಾಪವೆಂದೂ, ಹಾಲೆಂಡ್ ಅವುಗಳಿಗೆ ನೈತಿಕ ಪಾಲಕನಾಗಿರಬೇಕೆಂದೂ ಅವನು 1879ರಷ್ಟು ಹಿಂದೆಯೇ ಬರೆದಿದ್ದನು. ಅವನ ಮಂತ್ರಿಮಂಡಲವು 1901ರಲ್ಲಿ ರಾಣಿಯ ಭಾಷಣದ ಮೂಲಕ ಆ ಕರ್ತವ್ಯವನ್ನು ಲೋಕಕ್ಕೆ ಸಾರಿತು. ಅದೇ ಮಂತ್ರಿಮಂಡಲದ ಕಾಲದಲ್ಲಿ, 1904ರಲ್ಲಿ, ಸುಮಾತ್ರಾದ ಉತ್ತರ ಭಾಗದ ಕುಟಾ ರೆಹ್ ಎಂಬ ಹಳ್ಳಿಯಲ್ಲಿ ಡಚ್ ಸೈನಿಕರು ಐದುನೂರಕ್ಕಿಂತ ಹೆಚ್ಚು ಜನರನ್ನು ಕೊಂದರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಪರರಾಳಿಕೆಯನ್ನು ಅನುಭವಿಸಿದ ದೇಶದವರಿಗೆ ‘ಪಾಲಕತ್ವ’ ಎಂಬ ಪದದ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾದುದಿಲ್ಲ. ದಕ್ಷಿಣ ಆಫ್ರಿಕೆಯ ಬೋಯರರ ಸ್ವಾತಂತ್ರ್ಯಕ್ಕಾಗಿ ಮರುಗಿದ ಈ ಪುರುಷನಿಗೆ ಸುಮಾತ್ರಾದ ಜನವೂ ಒಂದು ಜನಾಂಗವೆಂದು ತೋರದೆ ಹೋಯಿತು.

1905ರ ಚುನಾವಣೆಯಲ್ಲಿ ಕೈಪರನ ಪಕ್ಷಗಳು ಸೋತವು. ಆದರೆ ಅವನು ಬಿತ್ತಿದ ಬೀಜವು ಫಲಿಸದೆ ಇರಲಿಲ್ಲ. 1917ರ ರಾಜ್ಯಘಟನೆಯ ತಿದ್ದುಪಡಿಯಿಂದ ಹಾಲೆಂಡಿನ ಎಲ್ಲ ಪ್ರಾಥಮಿಕ ಶಾಲೆಗಳಿಗೂ ಬೊಕ್ಕಸದ ಸಮಾನವಾದ ನೆರವು ದೊರಕಿತು. ಅದನ್ನು ಕಣ್ಣಾರೆ ಕಂಡೇ ಅವನು 1920ರಲ್ಲಿ ತೀರಿಕೊಂಡನು. ಇಂಡೊನೇಷ್ಯದ ಜನರಾದರೋ ಪಾಲಕನ ಅನುಮತಿಗಾಗಿ ಕಾಯದೆ 1945ರಲ್ಲಿ ತಮ್ಮ ಸ್ವಾತಂತ್ರ್ಯವನ್ನು ತಾವೇ ಘೋಷಿಸಿಕೊಂಡರು. ಹಾಲೆಂಡ್ ನಾಲ್ಕು ವರ್ಷ ಕಾದಾಡಿ, 1949ರ ಕೊನೆಗೆ ಅಧಿಕಾರವನ್ನು ಬಿಟ್ಟುಕೊಟ್ಟಿತು.

ಆದುದರಿಂದ ಧರ್ಮಬೋಧಕನು ರಾಜಕಾರಣಕ್ಕೆ ಬರಕೂಡದೆಂದು ನಾವು ಹೇಳಲಾರೆವು. ಬೇಸ್ಡ್ ಹಳ್ಳಿಯ ಪಾಠವಿಲ್ಲದಿದ್ದರೆ ಮೂರು ಲಕ್ಷ ಬಡವರ ಧ್ವನಿಯು ಅರಮನೆಯನ್ನು ಮುಟ್ಟುತ್ತಿರಲಿಲ್ಲ. ಆದರೆ ಗಿರಣಿಯವನ ಮಗಳ ಮಾತಿಗೆ ಕಿವಿಗೊಟ್ಟವನು ರೈಲ್ವೆ ಕೂಲಿಯ ಮಾತಿಗೂ ಸುಮಾತ್ರಾದ ರೈತನ ಮಾತಿಗೂ ಹಾಗೆಯೇ ಕಿವಿಗೊಟ್ಟಿದ್ದರೆ ಅವನ ಸಿದ್ಧಾಂತವು ಪೂರ್ಣವಾಗುತ್ತಿದ್ದಿತು. ತನ್ನವರಿಗೆ ಬೇಡಿದುದು ಹಕ್ಕು, ಪರರು ಬೇಡಿದುದು ದಂಗೆ ಎಂದು ತೋರುವ ದಿನವೇ ಅಧಿಕಾರಸ್ಥನ ಧರ್ಮಕ್ಕೆ ಗ್ರಹಣ ಹಿಡಿಯುವ ದಿನ. ಆ ದಿನವನ್ನು ಗುರುತಿಸಿ ಎಚ್ಚರಿಸತಕ್ಕ ಭಾರವು ಅವನನ್ನು ಆರಿಸಿ ಕಳಿಸಿದ ಜನರ ಮೇಲಿರುವುದು.