ಹೆಂಗಸರ ನರೆಯೂ ಊರಿನ ತೀರ್ಪೂ

ಹೆಂಗಸರ ತಲೆಗೂದಲಿನ ಬಣ್ಣವು ಸಾಹಿತ್ಯ ಪತ್ರಿಕೆಯೊಂದರಲ್ಲಿ ವಿಚಾರ ಮಾಡತಕ್ಕ ವಿಷಯವೆ ಎಂದು ಕೆಲವು ಮಹನೀಯರು ಕೇಳಬಹುದು. ಅವರಿಗೆ ಕೊಡತಕ್ಕ ಉತ್ತರವು ಸರಳವಾದುದು. ಯಾವ ವಿಷಯವನ್ನು ಕುರಿತು ಮದುವೆಯ ಚಪ್ಪರದಲ್ಲಿಯೂ, ಹುಚ್ಚರಾಯಸ್ವಾಮಿಯ ತೇರಿನ ಬೀದಿಯಲ್ಲಿಯೂ, ಅರಿಶಿನ ಕುಂಕುಮಕ್ಕೆ ಕರೆದ ಮನೆಯಲ್ಲಿಯೂ ಹೇಳದೆ ಕೇಳದೆ ತೀರ್ಪು ಕೊಡಲಾಗುತ್ತಿದೆಯೋ, ಆ ವಿಷಯವು ವಿಚಾರಕ್ಕೆ ಯೋಗ್ಯವಾದುದೇ ಸರಿ. ತೀರ್ಪು ಮಾತ್ರ ಇರಬೇಕು, ವಿಚಾರಣೆ ಇರಬಾರದು ಎಂಬುದು ಯಾವ ಊರಿನ ನ್ಯಾಯ?

ಶಿಕಾರಿಪುರ ಸೊರಬ ಸೀಮೆಯಲ್ಲಿ ನಲವತ್ತು ದಾಟಿದ ಹೆಂಗಸು ತಲೆಗೆ ಬಣ್ಣ ಹಚ್ಚದೆ ನಾಲ್ಕು ಜನರ ನಡುವೆ ಬಂದಳೆನ್ನಿ. "ಏನಮ್ಮಾ, ಇಷ್ಟು ಬೇಗ ಮುದುಕಿಯಾಗಿಬಿಟ್ಟೆಯಲ್ಲ, ಮನೆಯಲ್ಲಿ ಏನಾದರೂ ಚಿಂತೆಯೆ?" ಎಂಬ ಪ್ರಶ್ನೆ ಅವಳಿಗಾಗಿ ಕಾದಿರುತ್ತದೆ. ಅದೇ ಹೆಂಗಸು ಬಣ್ಣ ಹಚ್ಚಿಕೊಂಡು ಬಂದಳೆನ್ನಿ. "ಮಗಳ ಮದುವೆಗೆ ಬಂದಿದ್ದಾಳೋ, ತಾನೇ ಹಸೆಗೆ ಕೂರಲು ಬಂದಿದ್ದಾಳೋ" ಎಂಬ ನಗೆಯು ಅವಳ ಬೆನ್ನ ಹಿಂದೆ ಹೊರಡುತ್ತದೆ. ಬಿಳಿ ಬಿಟ್ಟರೆ ಉದಾಸೀನೆ, ಕಪ್ಪು ಮಾಡಿದರೆ ವಯ್ಯಾರಿ. ಎರಡು ದಾರಿಯಲ್ಲಿಯೂ ದಂಡ ತೆರಬೇಕಾದವಳಿಗೆ ಇದನ್ನು ಅವಳ 'ಇಷ್ಟ'ವೆಂದು ಹೇಳುವುದು ಪರಿಹಾಸ್ಯವಲ್ಲದೆ ಮತ್ತೇನು?

ಈ ಪ್ರಶ್ನೆಯು ಇಂದಿನದಲ್ಲ. ಹೆಂಗಸಿನ ಕೂದಲನ್ನು ಕುರಿತು ಕನ್ನಡ ನಾಡಿನಲ್ಲಿ ನಡೆದ ಅತ್ಯಂತ ಪ್ರಸಿದ್ಧವಾದ ಪ್ರಶ್ನೋತ್ತರದಲ್ಲಿ ಪ್ರಶ್ನೆ ಕೇಳಿದವರೂ ಉತ್ತರ ಕೊಟ್ಟವರೂ ಇದೇ ಶಿಕಾರಿಪುರ ತಾಲ್ಲೂಕಿಗೆ ಸೇರಿದವರೆಂಬುದನ್ನು ಇಲ್ಲಿಯ ಜನರು ಮರೆಯಬಾರದು. ಬಳ್ಳಿಗಾವೆಯ ಅಲ್ಲಮಪ್ರಭುವು ಕಲ್ಯಾಣದ ಅನುಭವಮಂಟಪದಲ್ಲಿ ಉಡುತಡಿಯ ಅಕ್ಕಮಹಾದೇವಿಯನ್ನು ಪರೀಕ್ಷಿಸಿದ ಪ್ರಸಂಗವು 15ನೆಯ ಶತಮಾನದಲ್ಲಿ ಸಂಕಲಿತವಾದ 'ಶೂನ್ಯಸಂಪಾದನೆ'ಯಲ್ಲಿ ಬಂದಿದೆ. ಅರಸ ಕೌಶಿಕನ ವೈಭವವನ್ನೂ ಉಟ್ಟ ಸೀರೆಯನ್ನೂ ತೊರೆದು ಬಂದವಳು ಕೂದಲಿನಿಂದ ಮೈಯನ್ನು ಮರೆಮಾಡಿಕೊಂಡುದೇಕೆ ಎಂಬುದು ಪ್ರಭುವಿನ ಪ್ರಶ್ನೆ. ಅದು ತನಗಾಗಿ ಅಲ್ಲ, ನೋಡುವವರ ಮನಸ್ಸಿಗೆ ನೋವಾದೀತೆಂಬುದಕ್ಕಾಗಿ ಎಂಬುದು ಅಕ್ಕನ ಉತ್ತರದ ತಾತ್ಪರ್ಯ. ಪ್ರಭುವು ಕೇಳಿದ್ದು ಆಕೆಯ ಹಿರಿಮೆಯನ್ನು ಸಭೆಗೆ ತೋರಿಸಲೆಂದು. ಉತ್ತರವನ್ನು ಕೇಳಿದ ಶರಣರು ಅವಳಿಗೆ ತಲೆಬಾಗಿದರು. ಇಂದು ಚಪ್ಪರದಲ್ಲಿ ಕೇಳುವವರಿಗೆ ಅಂತಹ ಉದ್ದೇಶವೂ ಇಲ್ಲ, ಉತ್ತರವನ್ನು ಕೇಳುವ ತಾಳ್ಮೆಯೂ ಇಲ್ಲ. ಆದರೆ ಉತ್ತರವು ಇಂದಿಗೂ ಅದೇ ಆಗಿದೆ. ತಿಂಗಳಿಗೊಮ್ಮೆ ಬಚ್ಚಲಮನೆಯಲ್ಲಿ ಬಟ್ಟಲು ಹಿಡಿದು ಬಣ್ಣ ಕಲಸುವ ಅನೇಕ ಹೆಂಗಸರನ್ನು ಕೇಳಿದರೆ, "ನನಗೇನೂ ಬೇಕಿರಲಿಲ್ಲ, ನೋಡಿದವರು ಏನೆಂದುಕೊಳ್ಳುತ್ತಾರೆ" ಎಂದೇ ಹೇಳುತ್ತಾರೆ. ಸರ್ವಸ್ವವನ್ನೂ ತ್ಯಜಿಸಿದ ಅಕ್ಕನಿಗೂ ಬಿಡದ ಪರರ ಕಣ್ಣು ಸಾಮಾನ್ಯ ಗೃಹಿಣಿಯನ್ನು ಬಿಟ್ಟೀತೆ?

ಗಂಡಸಿನ ನರೆಗೆ ಲೋಕವು ಕೊಟ್ಟಿರುವ ಮರ್ಯಾದೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕಾಳಿದಾಸನ 'ರಘುವಂಶ'ದಲ್ಲಿ ಮುಪ್ಪು ನರೆಯ ವೇಷದಿಂದ ಬಂದು ದಶರಥನ ಕಿವಿಯಲ್ಲಿ ರಾಜ್ಯವನ್ನು ರಾಮನಿಗೆ ಕೊಡೆಂದು ಹಿತ ನುಡಿಯುತ್ತದೆ. ಜೈನಪರಂಪರೆಯ ಯಶೋಧರನ ಕಥೆಯಲ್ಲಿ ತಂದೆಯು ತನ್ನ ತಲೆಯಲ್ಲಿ ನರೆಗೂದಲನ್ನು ಕಂಡು ವೈರಾಗ್ಯ ತಾಳಿ ಮಗನಿಗೆ ಪಟ್ಟ ಕಟ್ಟುತ್ತಾನೆ. ಅರಸನ ಒಂದೇ ಒಂದು ಬಿಳಿಗೂದಲು ಮಂತ್ರಿಯಾಗುತ್ತದೆ, ಗುರುವಾಗುತ್ತದೆ. ಊರ ಪಂಚಾಯಿತಿಯಲ್ಲಿಯೂ 'ತಲೆ ನರೆತ ಹಿರಿಯರು' ಎಂದರೆ ಮಾತಿಗೆ ತೂಕವುಳ್ಳ ಗಂಡಸರೆಂದೇ ಅರ್ಥ. ಹೆಂಗಸಿನ ನರೆ ಹೀಗೆ ಅನುಭವದ ಗುರುತಾಗಿ ಎಣಿಕೆಗೆ ಬರುವುದು ಎಲ್ಲಿ? ಒಂದೇ ಪ್ರಾಯದ ಗಂಡಹೆಂಡಿರಲ್ಲಿ ಅವನ ನರೆ ಗಾಂಭೀರ್ಯವಾಗಿ, ಅವಳ ನರೆ ಅಲಕ್ಷ್ಯವಾಗಿ ಕಾಣುವುದಾದರೆ ಕೊರತೆಯು ಕೂದಲಿನಲ್ಲಿಲ್ಲ; ನೋಡುವ ಕಣ್ಣಿನಲ್ಲಿದೆ.

ಈ ಕಣ್ಣಿನ ಹಿಂದಿನ ಚರಿತ್ರೆಯು ಕಹಿಯಾದುದು. ಇದೇ ಮಲೆನಾಡಿನ ಕೆಲವು ಮನೆತನಗಳಲ್ಲಿ ಗಂಡ ಸತ್ತೊಡನೆ ಹೆಂಡತಿಯ ತಲೆಯ ಮೇಲೆ ಕತ್ತಿಯಾಡುತ್ತಿತ್ತು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರು 1976ರಲ್ಲಿ ಪ್ರಕಟಿಸಿದ 'ಫಣಿಯಮ್ಮ' ಕಾದಂಬರಿಯು ಹಾಗೆ ಬಾಲ್ಯದಲ್ಲಿಯೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಬಾಳನ್ನೆಲ್ಲ ಮಡಿಯಲ್ಲಿ ಸವೆಸಿದ ಹೆಣ್ಣೊಬ್ಬಳ ಕಥೆ. ಆ ಕಾಲದಲ್ಲಿ ಮುತ್ತೈದೆಯ ಮುಡಿಗೆ ಹೂವು, ವಿಧವೆಯ ಮುಡಿಗೆ ಕತ್ತಿ. ಎರಡನ್ನೂ ಗೊತ್ತುಮಾಡಿದವರು ಆ ಮುಡಿಯನ್ನು ಹೊತ್ತವರಲ್ಲ. ಕತ್ತಿಯ ಕ್ರೌರ್ಯವನ್ನೂ ಬಣ್ಣದ ಬಟ್ಟಲನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ, ನಿಜ. ಕತ್ತಿಗೆ ತಲೆಯೊಡ್ಡದಿದ್ದವಳಿಗೆ ಮನೆಯೇ ಇರುತ್ತಿರಲಿಲ್ಲ; ಬಣ್ಣ ಹಚ್ಚದವಳಿಗೆ ಚುಚ್ಚುಮಾತು ಮಾತ್ರ. ಆದರೂ ಬೇರು ಒಂದೇ: ಹೆಂಗಸಿನ ತಲೆಯ ಮೇಲಿನದು ಅವಳ ಸ್ವತ್ತಲ್ಲ, ಮನೆತನದ ಮರ್ಯಾದೆಯ ಫಲಕವೆಂಬ ಭಾವನೆ. ಮರ ಕಡಿದುದಾಯಿತು, ಬೇರು ಚಿಗುರುತ್ತಿದೆ.

ಇನ್ನು ಶರೀರಧರ್ಮದ ಮಾತು. ಕೂದಲಿನ ಬುಡದಲ್ಲಿ ಬಣ್ಣವನ್ನು ಉತ್ಪತ್ತಿಮಾಡುವ ಜೀವಕೋಶಗಳು ಕಾಲಕ್ರಮದಲ್ಲಿ ಕ್ಷೀಣಿಸುತ್ತವೆ. ಆಗ ಹೊಸದಾಗಿ ಹುಟ್ಟುವ ಕೂದಲು ಮೆಲನಿನ್ ಎಂಬ ವರ್ಣದ್ರವ್ಯವಿಲ್ಲದೆ ಬೆಳ್ಳಗೆ ಬರುತ್ತದೆ. ಯಾರಿಗೆ ಯಾವ ವಯಸ್ಸಿನಲ್ಲಿ ಹೀಗಾಗತಕ್ಕದ್ದೆಂಬುದು ಬಹುಮಟ್ಟಿಗೆ ತಾಯಿತಂದೆಗಳಿಂದ ಬಂದ ಗುಣ. ಚಿಕ್ಕ ವಯಸ್ಸಿನಲ್ಲಿಯೇ ನರೆತರೆ ಬಿ12 ಜೀವಸತ್ತ್ವದ ಕೊರತೆಯೋ ಥೈರಾಯ್ಡ್ ಗ್ರಂಥಿಯ ದೋಷವೋ ಇರಬಹುದು. ಅದನ್ನು ವೈದ್ಯರು ನೋಡಬೇಕೇ ಹೊರತು ನೆಂಟರಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಈ ಸೀಮೆಯ ಹೆಂಗಸರ ಬೆರಳುಗಳು ಚೊಗರಿನಿಂದ ಕಪ್ಪಾಗುತ್ತವೆ. ಕೈಯನ್ನು ಅಲಕ್ಷ್ಯ ಮಾಡಿದ್ದಾಳೆಂದು ಆಗ ಯಾರೂ ದೂರುವುದಿಲ್ಲ. ದುಡಿಮೆಯ ಗುರುತೆಂದು ಎಲ್ಲರೂ ಬಲ್ಲರು. ವಯಸ್ಸಿನ ಗುರುತಿಗೆ ಮಾತ್ರ ಆ ಔದಾರ್ಯವಿಲ್ಲ.

ಕಪ್ಪು ಮಾಡಬೇಕೆಂಬ ಬಲವಂತಕ್ಕೆ ತೆರುವ ಬೆಲೆಯನ್ನೂ ಲೆಕ್ಕ ಹಾಕಬೇಕು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಆದುದರಿಂದ ಬೈತಲೆಯ ಎರಡು ಬದಿಯಲ್ಲಿಯೂ ನಾಲ್ಕು ವಾರದೊಳಗೆ ಬಿಳಿಯ ಗೆರೆ ಮೂಡುತ್ತದೆ, ಕೆಲಸವು ಮತ್ತೆ ಮೊದಲಾಗುತ್ತದೆ. ನಲವತ್ತರಲ್ಲಿ ತೊಡಗಿದವಳು ಅರವತ್ತರ ವರೆಗೆ ಎರಡು ನೂರಕ್ಕೂ ಹೆಚ್ಚು ಸಲ ಇದನ್ನು ಮಾಡಬೇಕು. ಬಹುಕಾಲ ನಿಲ್ಲುವ ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿ ಪ್ಯಾರಾ-ಫೀನಲೀನ್‌ಡೈಅಮೀನ್ ಎಂಬ ರಾಸಾಯನಿಕವಿರುತ್ತದೆ. ಅದು ಒಗ್ಗದವರಿಗೆ ತಲೆಯಲ್ಲಿ ಉರಿ, ಹಣೆಯಲ್ಲಿ ಗಂದೆ, ಕಣ್ಣುರೆಪ್ಪೆಗಳ ಊತ ಉಂಟಾಗುತ್ತವೆ. ತಲೆಗೆ ಹಚ್ಚುವಾಗ ಅದರ ಪ್ರಮಾಣವು ನೂರಕ್ಕೆ 2ನ್ನು ಮೀರಕೂಡದೆಂದು ಯೂರೋಪಿನ ಒಕ್ಕೂಟವು ಕಟ್ಟು ಮಾಡಿದೆ. ಮದರಂಗಿಯ ಸೊಪ್ಪು ತಾನಾಗಿ ಕೊಡುವುದು ಕೆಂಪು ಛಾಯೆಯನ್ನು. 'ಕಪ್ಪು ಮೆಹೆಂದಿ' ಎಂದು ಮಾರುವ ಅನೇಕ ಪುಡಿಗಳಲ್ಲಿ ಕಪ್ಪು ಬರುವುದು ಇದೇ ರಾಸಾಯನಿಕದಿಂದ. ಸೊಪ್ಪಿನ ಹೆಸರನ್ನು ನಂಬಿ ಕೊಂಡವಳು ಮುಖ ಊದಿಸಿಕೊಂಡು ಆಸ್ಪತ್ರೆ ಸೇರಿದರೆ, "ಯಾಕೆ ಹಚ್ಚಿಕೊಂಡೆ?" ಎಂದು ಕೇಳುವವರೂ ಮೊದಲು "ಯಾಕೆ ಹಚ್ಚಿಕೊಂಡಿಲ್ಲ?" ಎಂದು ಕೇಳಿದವರೇ.

ಸೌಂದರ್ಯವಾದಿಗಳು ಇಲ್ಲಿ ಒಂದು ಆಕ್ಷೇಪವನ್ನೆತ್ತುತ್ತಾರೆ: ಬಣ್ಣ ಹಚ್ಚೆಂದು ಯಾರೂ ಬಲಾತ್ಕಾರ ಮಾಡುವುದಿಲ್ಲ, ಅಲಂಕಾರವು ಹೆಂಗಸರ ಸ್ವಭಾವ, ಅವರಾಗಿಯೇ ಹಚ್ಚಿಕೊಳ್ಳುತ್ತಾರೆ ಎಂದು. ಹಾಗಾದರೆ ಹಚ್ಚದಿದ್ದವರಿಗೆ ಏನಾಗುತ್ತದೆಂಬುದನ್ನು ಅವರು ನೋಡಲಿ. ಇದು ಹಳ್ಳಿಗಾಡಿನ ಅಜ್ಞಾನವೆಂದು ಪೇಟೆಯವರು ಜಾರಿಕೊಳ್ಳುವಂತೆಯೂ ಇಲ್ಲ. ಕೆನಡಾ ದೇಶದಲ್ಲಿ 35 ವರ್ಷ ದೂರದರ್ಶನದ ಒಂದೇ ಸಂಸ್ಥೆಯಲ್ಲಿ ದುಡಿದ ಲೀಸಾ ಲಾಫ್ಲಾಮ್ ಎಂಬ ಪ್ರಸಿದ್ಧ ವಾರ್ತಾವಾಚಕಿಯು 2020ರ ಸಾಂಕ್ರಾಮಿಕದ ಕಾಲದಲ್ಲಿ ಕೂದಲಿಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿ ನರೆಯೊಡನೆಯೇ ವಾರ್ತೆ ಓದಿದಳು. 2022ರಲ್ಲಿ ಅವಳ 58ನೆಯ ವಯಸ್ಸಿನಲ್ಲಿ ಸಂಸ್ಥೆಯು ಅವಳ ಒಪ್ಪಂದವನ್ನು ಮುಗಿಸಿತು. ನರೆಯೇ ಕಾರಣವೆಂದು ದೇಶದಲ್ಲೆಲ್ಲ ಕೂಗೆದ್ದಿತು, ಸಂಸ್ಥೆಯವರು ಅಲ್ಲವೆಂದರು. ನಿಜವು ಯಾವುದೇ ಇರಲಿ, ಹೆಂಗಸೊಬ್ಬಳು ಕೆಲಸ ಕಳೆದುಕೊಂಡರೆ ಜನರು ಕೂಡಲೆ ಅವಳ ಕೂದಲಿನ ಕಡೆಗೆ ನೋಡುವಂತಾದುದೇ ಸಾಕಾದ ಸಾಕ್ಷ್ಯ. ನರೆತ ಗಂಡಸಿನ ಕೆಲಸ ಹೋದಾಗ ಅಂತಹ ಸಂಶಯವು ಯಾರಿಗೆ ಹುಟ್ಟುತ್ತದೆ?

ಮತ್ತೊಂದು ಕಡೆಯಿಂದ ಶುದ್ಧಿವಾದಿಗಳು ಬರುತ್ತಾರೆ. ಬಣ್ಣ ಹಚ್ಚುವುದು ಪಾಶ್ಚಾತ್ಯರ ಅನುಕರಣ, ವಯಸ್ಸಿಗೆ ಮಾಡುವ ವಂಚನೆ, ನಮ್ಮ ಅಜ್ಜಿಯರು ಇದನ್ನು ಅರಿಯರು ಎಂಬುದು ಅವರ ವಾದ. ಇದೂ ನಿಲ್ಲುವುದಿಲ್ಲ. ಆಯುರ್ವೇದದ ಗ್ರಂಥಗಳು ನರೆಯನ್ನು 'ಪಲಿತ'ವೆಂದು ಕರೆದು ಅದಕ್ಕೆ ತೈಲಗಳನ್ನೂ ಲೇಪಗಳನ್ನೂ ಹೇಳಿವೆ. ಗರುಗದ ಸೊಪ್ಪನ್ನು ಹಾಕಿ ಕಾಯಿಸಿದ ಎಣ್ಣೆಯನ್ನು ಮಲೆನಾಡಿನ ಅಜ್ಜಿಯರು ತಲೆಗೆ ತಟ್ಟಿದ್ದು ಕೂದಲು ಕಪ್ಪಾಗಿರಲೆಂಬ ಆಸೆಯಿಂದಲೇ. ಆಸೆಯು ಹಳೆಯದು, ಡಬ್ಬಿ ಮಾತ್ರ ಹೊಸದು. ಇನ್ನು ವಂಚನೆಯ ಮಾತು. ಕನ್ನಡಿಯ ಮುಂದೆ ತನ್ನ ಮುಖವನ್ನು ತನಗೆ ಮೆಚ್ಚುವಂತೆ ಮಾಡಿಕೊಂಡ ಹೆಂಗಸು ಯಾರ ಹಣವನ್ನು ಅಪಹರಿಸಿದ್ದಾಳೆ? ಈ ವಾದವನ್ನು ಮಾಡುವ ಗಂಡಸರಲ್ಲಿ ಕೆಲವರ ಮೀಸೆಯನ್ನು ಬೆಳಕಿನಲ್ಲಿ ನೋಡಿದವರಿಗೆ ಅದರ ಕಪ್ಪು ಎಲ್ಲಿಂದ ಬಂದಿತೆಂಬುದು ತಿಳಿಯದೆ ಇರದು.

ಸೌಂದರ್ಯವಾದಿಯೂ ಶುದ್ಧಿವಾದಿಯೂ ಪರಸ್ಪರ ಶತ್ರುಗಳಂತೆ ಕಂಡರೂ ಒಂದು ಮಾತಿನಲ್ಲಿ ಜೊತೆಗಾರರು. ಕೂದಲು ಹೇಗಿರಬೇಕೆಂಬುದನ್ನು ಹೇಳತಕ್ಕವರು ತಾವು ಎಂದು ಇಬ್ಬರೂ ನಂಬಿದ್ದಾರೆ. ಇವರಿಬ್ಬರಿಗೂ ಶಿರಾಳಕೊಪ್ಪದ ಸಮೀಪದ ಹಿರೇಜಂಬೂರಿನವಳೆಂದು ಹೇಳಲಾಗುವ ಶರಣೆ ಸತ್ಯಕ್ಕನು 12ನೆಯ ಶತಮಾನದಲ್ಲಿಯೇ ಉತ್ತರ ಕೊಟ್ಟಿದ್ದಾಳೆ. ಮುಡಿಯಿಂದ ಹೆಣ್ಣನ್ನೂ ಮೀಸೆಯಿಂದ ಗಂಡನ್ನೂ ಅಳೆಯುವುದು ಲೋಕದ ರೂಢಿಯೇ ಹೊರತು ತಿಳಿದವರ ನೀತಿಯಲ್ಲ ಎಂಬುದು ಅವಳ ವಚನವೊಂದರ ಭಾವ. ಮುಡಿಯೇ ಹೆಣ್ಣಿನ ಪ್ರಮಾಣವಲ್ಲವೆಂದ ಮೇಲೆ ಮುಡಿಯ ಬಣ್ಣವು ಪ್ರಮಾಣವಾಗುವುದು ಹೇಗೆ? ಅಕ್ಕನ ಹೆಸರಿನಲ್ಲಿ ಉತ್ಸವಗಳನ್ನು ಮಾಡಿ, ಸತ್ಯಕ್ಕನ ಹೆಸರನ್ನು ಭಾಷಣಗಳಲ್ಲಿ ಹೇಳಿ, ಮನೆಗೆ ಬಂದು ಹೆಂಡತಿಯ ಬೈತಲೆಯನ್ನು ನೋಡಿ ಮುಖ ಸಿಂಡರಿಸುವವರು ಆ ಶರಣೆಯರಿಗೆ ಯಾವ ಮರ್ಯಾದೆಯನ್ನು ಮಾಡಿದಂತಾಯಿತು?

ಆದುದರಿಂದ ಆಗಬೇಕಾದುದು ಬಹಳವೇನಲ್ಲ. ಗಂಡಂದಿರೂ ಮಕ್ಕಳೂ ಮದುವೆಯ ಹಿಂದಿನ ದಿನ ಬಣ್ಣದ ಪೊಟ್ಟಣವನ್ನು ತಂದು ತಾಯಂದಿರ ಮುಂದೆ ಇಡುವುದನ್ನು ಬಿಡಲಿ. ಅವರೇ ಕೇಳಿದರೆ ತಂದುಕೊಡಲಿ. ಛಾಯಾಚಿತ್ರ ತೆಗೆಯುವವರು ಹೇಳದೆ ಕೇಳದೆ ನರೆಯನ್ನು ಅಳಿಸಿ ಕಪ್ಪು ಬಳಿಯದಿರಲಿ. ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಸಭೆಯ ವೇದಿಕೆಗಳಲ್ಲಿಯೂ ಹೆಂಗಸರನ್ನು ಆರಿಸುವಾಗ ಕೂದಲನ್ನು ನೋಡದೆ ಕೆಲಸವನ್ನು ನೋಡಲಿ. ಅಂಗಡಿಯವರು ಪುಡಿಯಲ್ಲಿ ಏನೇನಿದೆಯೆಂಬುದನ್ನು ಓದಿ ಹೇಳುವಷ್ಟು ಸೌಜನ್ಯ ತೋರಲಿ. ಹಚ್ಚಿಕೊಳ್ಳುವವರು ಎರಡು ದಿನ ಮೊದಲು ಕಿವಿಯ ಹಿಂದೆಯೋ ಮೊಣಕೈಯ ಒಳಬದಿಯಲ್ಲಿಯೋ ಒಂದು ಚುಕ್ಕೆ ಹಚ್ಚಿ ಪರೀಕ್ಷಿಸಲಿ. ಉರಿ, ತುರಿಕೆ ಕಂಡರೆ ಆ ಡಬ್ಬಿಯನ್ನು ಎಸೆದುಬಿಡಲಿ. ಎಲ್ಲಕ್ಕಿಂತ ಮಿಗಿಲಾಗಿ, ಚಪ್ಪರದಲ್ಲಿ ಎದುರಾದ ಹೆಂಗಸನ್ನು ಕ್ಷೇಮವನ್ನೂ, ತೋಟದ ಫಸಲನ್ನೂ, ಓದಿದ ಪುಸ್ತಕವನ್ನೂ ಕುರಿತು ಕೇಳುವ ರೂಢಿ ಬರಲಿ.

ಹೆಂಗಸರಿಗೂ ಒಂದು ಮಾತು ಸಲ್ಲುತ್ತದೆ. ಚಪ್ಪರದ ತೀರ್ಪುಗಳಲ್ಲಿ ಬಹುಪಾಲು ಹೊರಡುವುದು ಹೆಂಗಸರ ಬಾಯಿಂದಲೇ. ನರೆಯನ್ನು ಬಿಟ್ಟವಳು ಬಣ್ಣ ಹಚ್ಚಿದವಳನ್ನು ನೋಡಿ ನಗಬಾರದು. ಹಚ್ಚಿದವಳು ಬಿಟ್ಟವಳನ್ನು ನೋಡಿ ಕನಿಕರಪಡಬಾರದು. ಇಂದು ಒಬ್ಬಳ ಮೇಲೆ ಬಿದ್ದ ಮಾತು ನಾಳೆ ಮತ್ತೊಬ್ಬಳ ಮನೆಯ ಹೊಸ್ತಿಲನ್ನು ದಾಟುವುದು ನಿಶ್ಚಯ. ಬಿಳಿಯೋ ಕಪ್ಪೋ ಎಂಬುದನ್ನು ಆ ತಲೆಯನ್ನು ಹೊತ್ತವಳು ತೀರ್ಮಾನಿಸಲಿ. ಊರು ತನ್ನ ತೀರ್ಪನ್ನು ಹಿಂದಕ್ಕೆ ತೆಗೆದುಕೊಳ್ಳಲಿ.