ಗ್ಲಾಕೋಮಾ: ಮೊದಲ ಶಸ್ತ್ರಚಿಕಿತ್ಸೆ ಫಲಿಸದಿದ್ದಾಗ

ಹೆಸರಘಟ್ಟದ ಸುತ್ತಲಿನ ಹಳ್ಳಿಗಳಿಂದ ಚಿಕಿತ್ಸೆಗೆ ಬರುವ ಹಿರಿಯರಲ್ಲಿ ಕೆಲವರು ಹೇಳುವುದುಂಟು: “ಗ್ಲಾಕೋಮಾಕ್ಕೆ ಒಮ್ಮೆ ಆಪರೇಷನ್ ಆಯಿತು, ಒತ್ತಡ ಮತ್ತೆ ಏರಿದೆ. ಇನ್ನು ಆಸ್ಪತ್ರೆ ಸಾಕು, ನಿಮ್ಮ ಔಷಧವನ್ನೇ ಕೊಡಿ.” ಆಯುರ್ವೇದದ ಮೇಲಿನ ಈ ವಿಶ್ವಾಸ ದೊಡ್ಡದು. ಆದರೂ ಈ ನಿರ್ಧಾರ ಸರಿಯಲ್ಲವೆಂದು ವೈದ್ಯನಾಗಿ ಸ್ಪಷ್ಟವಾಗಿ ಹೇಳಬೇಕಾಗಿದೆ. ಗ್ಲಾಕೋಮಾದಿಂದ ನಷ್ಟವಾದ ದೃಷ್ಟಿಯನ್ನು ಇಂದಿನ ಯಾವ ಚಿಕಿತ್ಸೆಯೂ ಮರಳಿಸದು, ಉಳಿದಿರುವುದನ್ನು ಕಾಪಾಡಿಕೊಳ್ಳಬಹುದು.

ಕಣ್ಣಿನೊಳಗೆ ಸದಾ ಉತ್ಪತ್ತಿಯಾಗುವ ದ್ರವ ಸರಾಗವಾಗಿ ಹೊರಹೋಗದಿದ್ದಾಗ ಒತ್ತಡ ಏರಿ ದೃಷ್ಟಿನರ ಕ್ಷೀಣಿಸುತ್ತದೆ. ಟ್ರಾಬೆಕ್ಯುಲೆಕ್ಟಮಿ ಎಂಬ ಶಸ್ತ್ರಚಿಕಿತ್ಸೆಯು, ಕೆರೆಗೆ ಕೋಡಿ ಕಟ್ಟಿದಂತೆ, ಆ ದ್ರವಕ್ಕೆ ಹೊಸ ದಾರಿ ಮಾಡುತ್ತದೆ. ಆದರೆ ಗಾಯವನ್ನು ಮಾಯಿಸುವುದು ದೇಹದ ಸಹಜ ಧರ್ಮ. ಆ ದಾರಿಯನ್ನೂ ಗಾಯವೆಂದೇ ಬಗೆದು ದೇಹ ಮುಚ್ಚಿಬಿಡಬಹುದು. ಸಾಮಾನ್ಯವಾಗಿ ವೈಫಲ್ಯಕ್ಕೆ ಕಾರಣ ಇದು. ಇದರಲ್ಲಿ ಕರ್ಮಫಲವನ್ನು ಹುಡುಕಬೇಕಿಲ್ಲ.

ಮುಂದಿನ ಮಾರ್ಗಗಳು ಹಲವು. ಮುಚ್ಚಿದ ದಾರಿಯನ್ನು ಸೂಜಿಯಿಂದ ಬಿಡಿಸಬಹುದು. ಬೇರೊಂದು ಜಾಗದಲ್ಲಿ, ಕಲೆಗಟ್ಟದಂತೆ ಮೈಟೋಮೈಸಿನ್ ಔಷಧ ಬಳಸಿ, ಮತ್ತೆ ಶಸ್ತ್ರಚಿಕಿತ್ಸೆ ಮಾಡಬಹುದು. ಸಣ್ಣ ಕೊಳವೆಯನ್ನು ಅಳವಡಿಸಬಹುದು. ದ್ರವವನ್ನು ಉತ್ಪಾದಿಸುವ ಭಾಗಕ್ಕೆ ಲೇಸರ್ ನೀಡಿ ಉತ್ಪತ್ತಿಯನ್ನೇ ತಗ್ಗಿಸಬಹುದು. ಮೊದಲೇ ಶಸ್ತ್ರಚಿಕಿತ್ಸೆಯಾದ ಕಣ್ಣುಗಳ ಮೇಲೆ ಮುಖ್ಯವಾಗಿ ಅಮೆರಿಕದಲ್ಲಿ ನಡೆದ ಪ್ರಸಿದ್ಧ ಅಧ್ಯಯನದಲ್ಲಿ, ಐದು ವರ್ಷಗಳಲ್ಲಿ ಕೊಳವೆ ವಿಫಲವಾದದ್ದು ಸುಮಾರು 30ರಷ್ಟು ಶೇಕಡಾ, ಟ್ರಾಬೆಕ್ಯುಲೆಕ್ಟಮಿ ಸುಮಾರು 47. ವಿದೇಶಿ ಕೊಳವೆ ದುಬಾರಿ. ಮಧುರೈನ ಅರೋಲ್ಯಾಬ್ ಸಂಸ್ಥೆ ತಯಾರಿಸುವ ಕೊಳವೆ ಅದಕ್ಕಿಂತ ಬಹಳ ಅಗ್ಗ. ಯಾವುದು ಯಾರಿಗೆ ಹೊಂದುತ್ತದೆಂಬುದನ್ನು ಗ್ಲಾಕೋಮಾ ತಜ್ಞರೇ ನಿರ್ಧರಿಸಬೇಕು. ಹಳೆಯ ದಾಖಲೆಗಳೆಲ್ಲವನ್ನೂ ಅವರಲ್ಲಿಗೆ ಒಯ್ಯಿರಿ. ಖರ್ಚಿಗೆ ಅಂಜುವವರಿಗೆ ಬೆಂಗಳೂರಿನಲ್ಲಿ ಸರ್ಕಾರದ ಮಿಂಟೋ ಕಣ್ಣಾಸ್ಪತ್ರೆ ಇದೆ.

ಸುಶ್ರುತ ಸಂಹಿತೆಯ ಉತ್ತರತಂತ್ರವು ಅಧಿಮಂಥವೆಂಬ ನೇತ್ರರೋಗವನ್ನು ವರ್ಣಿಸಿ, ಚಿಕಿತ್ಸೆ ತಡವಾದರೆ ಕೆಲವೇ ದಿನಗಳಲ್ಲಿ ದೃಷ್ಟಿ ಹೋಗುವುದೆಂದು ಎಚ್ಚರಿಸುತ್ತದೆ. ಕಾಲಹರಣ ಮಾಡಬಾರದೆಂಬುದು ನಮ್ಮ ಶಾಸ್ತ್ರದ ಮಾತೂ ಹೌದು. ಆದ್ದರಿಂದ ಒತ್ತಡದ ಹನಿಗಳನ್ನು ಸ್ವಂತ ಇಚ್ಛೆಯಿಂದ ನಿಲ್ಲಿಸಬೇಡಿ. ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ತುಪ್ಪ, ಜೇನು, ಸೊಪ್ಪಿನ ರಸ ಹಾಕಬೇಡಿ. ತೆಳುವಾದ ಆ ಭಾಗದಿಂದ ಸೋಂಕು ಒಳನುಗ್ಗಿದರೆ ಕಣ್ಣೇ ಹೋಗಬಹುದು. ಕೆಂಪು, ನೋವು, ಕೀವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಶೀರ್ಷಾಸನ ಕಣ್ಣಿನ ಒತ್ತಡವನ್ನು ಏರಿಸುತ್ತದೆ, ಅದನ್ನು ಬಿಡಿ.

ಪಥ್ಯ, ನಿದ್ರೆ, ಮಲಬದ್ಧತೆಯ ನಿವಾರಣೆ, ಮನಸ್ಸಿನ ಶಾಂತಿ ಇವುಗಳಿಗೆ ಆಯುರ್ವೇದ ಜೊತೆಗಿರಲಿ. ಒತ್ತಡ ಇಳಿಸುವ ಹೊಣೆ ನೇತ್ರತಜ್ಞರದಾಗಿರಲಿ. ಗ್ಲಾಕೋಮಾ ವಂಶದಲ್ಲಿ ಹರಿಯುವ ರೋಗವಾದ್ದರಿಂದ, ನೀವು ತಪಾಸಣೆಗೆ ಹೋಗುವ ದಿನ ಒಡಹುಟ್ಟಿದವರನ್ನೂ ಮಕ್ಕಳನ್ನೂ ಕರೆದೊಯ್ಯಿರಿ.